ಗೋಕರ್ಣದಲ್ಲಿ ಬಿದ್ದ ಹುಡುಗ ಏನು ನುಂಗಿದ್ದ? ಮಾತ್ರೆ ಪರೀಕ್ಷೆ ಮಾಡುವ ಜಾಗ ನಮ್ಮಲ್ಲಿ ಯಾಕಿಲ್ಲ?

ಗೋಕರ್ಣದ_ಮನೆ:
ಎಲ್ಲರಿಗೂ ನಮಸ್ಕಾರ. ಗೋಕರ್ಣದಲ್ಲಿ 11 ವರ್ಷದಿಂದ ಸಣ್ಣದೊಂದು ಹೋಂಸ್ಟೇ ನಡೆಸುತ್ತಿದ್ದೇನೆ. ಐದು ಕೋಣೆ, ಊಟ ನಮ್ಮ ಮನೆಯದ್ದೇ. ಈ ಮಾತನ್ನು ಯಾರ ಹತ್ತಿರ ಹೇಳಬೇಕು ಅಂತ ತಿಳಿಯದೆ ಇಲ್ಲಿ ಬರೆಯುತ್ತಿದ್ದೇನೆ.

ಹೋದ ಡಿಸೆಂಬರ್ ಕೊನೆಯ ವಾರ. ರಾತ್ರಿ 1.30ಕ್ಕೆ ಬಾಗಿಲು ಬಡಿದ ಸದ್ದು. ನಮ್ಮಲ್ಲೇ ಉಳಿದಿದ್ದ ಮೂವರು ಹುಡುಗರಲ್ಲಿ ಒಬ್ಬ ಜಗಲಿ ಮೇಲೆ ಬಿದ್ದಿದ್ದ. ಮೈ ಕೆಂಡದ ಹಾಗೆ ಸುಡುತ್ತಿತ್ತು. ಹಲ್ಲು ಗಟ್ಟಿಯಾಗಿ ಕಚ್ಚಿದ್ದ. ಕಣ್ಣು ಬಿಟ್ಟಿದ್ದ, ಆದರೆ ಯಾರನ್ನೂ ನೋಡುತ್ತಿರಲಿಲ್ಲ. "ಏನು ತಗೊಂಡಿದ್ದಾನೆ?" ಅಂದರೆ ಉಳಿದಿಬ್ಬರದ್ದೂ ಒಂದೇ ಮಾತು, "ಬಿಯರ್ ಅಷ್ಟೇ ಅಂಕಲ್." ನಮ್ಮನೆಯವಳು ನಿಂಬೆಹಣ್ಣಿನ ನೀರು ಕುಡಿಸಲು ನೋಡಿದಳು. ಒಳಗೆ ಇಳಿಯಲಿಲ್ಲ. ನನ್ನ ಓಮ್ನಿಯಲ್ಲೇ ಹಾಕಿಕೊಂಡು ಹೋದೆ.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಮೂರು ಸಲ ಕೇಳಿದರು. ಮೂರು ಸಲವೂ "ಬಿಯರ್". ಮುಕ್ಕಾಲು ಗಂಟೆ ಆದ ಮೇಲೆ ಒಬ್ಬ ನನ್ನನ್ನು ಹೊರಗೆ ಕರೆದು ಅತ್ತ. ಬೀಚಿನಲ್ಲಿ ಯಾರಿಂದಲೋ ಹಳದಿ ಮಾತ್ರೆ ತಗೊಂಡಿದ್ದರಂತೆ. ಒಂದು ನುಂಗಿ ಏನೂ ಆಗಲಿಲ್ಲ ಅಂತ ಅವನು ಇನ್ನೊಂದು ನುಂಗಿದ. "ಅದು ಏನು ಅಂತ ನಮಗೂ ಗೊತ್ತಿಲ್ಲ ಅಂಕಲ್, ಪೊಲೀಸರಿಗೆ ಹೇಳಬೇಡಿ" ಅಂದ. ಹುಡುಗನನ್ನು ಮಣಿಪಾಲಕ್ಕೆ ಕಳಿಸಿದರು. ಬದುಕಿದ. ಆರು ದಿನ ಐಸಿಯುನಲ್ಲಿದ್ದ ಅಂತ ಅವನ ಅಪ್ಪ ಆಮೇಲೆ ಫೋನ್ ಮಾಡಿ ಹೇಳಿದರು.

ನ್ಯೂಜಿಲೆಂಡಿನ ಒಬ್ಬ ಗಿರಾಕಿ ಹಿಂದೆ ಹೇಳಿದ್ದು ನೆನಪಾಯಿತು. ಅವರ ದೇಶದಲ್ಲಿ ಇಂಥ ಮಾತ್ರೆ ತಗೊಂಡು ಹೋಗಿ ತೋರಿಸಿದರೆ ಒಳಗೆ ಏನಿದೆ ಅಂತ ಪರೀಕ್ಷೆ ಮಾಡಿ ಹೇಳುತ್ತಾರಂತೆ. ಪೊಲೀಸ್ ಕೇಸ್ ಇಲ್ಲ. ನಮ್ಮಲ್ಲಿ ಇದು ಯಾಕಿಲ್ಲ? ಕಾನೂನು ಏನು ಹೇಳುತ್ತದೆ? ಇನ್ನೊಂದು ಪ್ರಶ್ನೆ. ಅವತ್ತು ಅವನು ನನ್ನ ಜಗಲಿಯಲ್ಲೇ ಸತ್ತಿದ್ದರೆ ನನ್ನ ಮೇಲೆ ಏನು ಕೇಸ್ ಬೀಳುತ್ತಿತ್ತು?

ಕರಿ_ಇಶಾಡ:
ಮೊದಲು ಅದನ್ನು ಮಾರಿದವನನ್ನು ಹಿಡಿಯಬೇಕು. ಉಳಿದದ್ದೆಲ್ಲ ಆಮೇಲೆ.

ಶಿರಸಿ_ಮಾಸ್ತರು:
ಹುಡುಗ ಬದುಕಿದ್ದು ಕೇಳಿ ಸಮಾಧಾನವಾಯಿತು. ನೀವು ಮಾಡಿದ್ದು ದೊಡ್ಡ ಕೆಲಸ. ಆದರೆ ಪರೀಕ್ಷೆ ಮಾಡಿಕೊಡುವ ವಿಚಾರಕ್ಕೆ ನನ್ನ ಒಪ್ಪಿಗೆ ಇಲ್ಲ. 31 ವರ್ಷ ಹೈಸ್ಕೂಲಿನಲ್ಲಿ ಕಲಿಸಿದ್ದೇನೆ. ಸರ್ಕಾರವೇ ಮೇಜು ಹಾಕಿ ಕೂತು "ನಿನ್ನ ಮಾತ್ರೆ ಸರಿ ಇದೆ" ಅಂತ ಹೇಳಿದರೆ ಹದಿನೆಂಟರ ಹುಡುಗನಿಗೆ ಕೇಳಿಸುವುದು "ತಿನ್ನು" ಅಂತಲೇ. ಕಳ್ಳನಿಗೆ ಏಣಿ ಹಾಕಿಕೊಟ್ಟ ಹಾಗಾಗುತ್ತದೆ.

ಹಡಗಿನ_ತಮ್ಮ_ಕಾರವಾರ:
ಟೆಸ್ಟ್ ನಮ್ಮಲ್ಲಿ ಇದೆಯಲ್ಲ? ನಾನು ಮರ್ಚೆಂಟ್ ನೇವಿಯಲ್ಲಿ ಇದ್ದೇನೆ. ಪ್ರತಿ ಸಲ ಹಡಗು ಹತ್ತುವ ಮೊದಲು ಮೂತ್ರ ಪರೀಕ್ಷೆ ಮಾಡಿಸಲೇಬೇಕು. ಹಡಗಿನಲ್ಲೂ ಯಾವಾಗ ಬೇಕಾದರೂ ಮಾಡುತ್ತಾರೆ. ಕಾಲೇಜುಗಳಲ್ಲೂ ಹಾಗೆ ಮಾಡಿದರೆ ಹುಡುಗರು ಹೆದರಿ ಸರಿಯಾಗುತ್ತಾರೆ.

ಗೋಕರ್ಣದ_ಮನೆ:
ತಮ್ಮ, ಅದು ಬೇರೆ, ಇದು ಬೇರೆ. ನೀನು ಹೇಳುವುದು ಮನುಷ್ಯನ ಪರೀಕ್ಷೆ. ನಾನು ಕೇಳುತ್ತಿರುವುದು ಮಾತ್ರೆಯ ಪರೀಕ್ಷೆ. ಮೊದಲನೆಯದು ತಗೊಂಡ ಮೇಲೆ, ಎರಡನೆಯದು ತಗೊಳ್ಳುವ ಮೊದಲು.

ವಾರ್ಡಿನ_ಅಕ್ಕ:
ನಾನು 19 ವರ್ಷದಿಂದ ಕರಾವಳಿಯ ಆಸ್ಪತ್ರೆಗಳಲ್ಲಿ ನರ್ಸ್. ಅಣ್ಣ ಬರೆದದ್ದು ಓದಿ ಎದೆ ಧಸಕ್ ಅಂತು. "ಬಿಯರ್ ಅಷ್ಟೇ" ಅನ್ನುವ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ.

ಈ ಸುಳ್ಳಿನಿಂದ ಏನಾಗುತ್ತದೆ ಅಂತ ಹೇಳುತ್ತೇನೆ. ಪಾರ್ಟಿಗಳಲ್ಲಿ ಅಮಲಿಗೆ ನುಂಗುವ ಎಂಡಿಎಂಎ (ಎಕ್ಸ್‌ಟಸಿ) ತರದ್ದು ಜಾಸ್ತಿ ಆದರೆ ಮೈ ಕಾದು 41, 42 ಡಿಗ್ರಿ ಮುಟ್ಟುತ್ತದೆ. ಆಗ ತಕ್ಷಣ ಮೈ ತಣಿಸಬೇಕು, ಫಿಟ್ಸ್ ತಡೆಯಬೇಕು. ಅಫೀಮಿನ ಜಾತಿಯದ್ದು ಆದರೆ ಪೂರ್ತಿ ತಿರುಗಾಮುರುಗಾ. ಕಣ್ಣಿನ ಪಾಪೆ ಸೂಜಿ ಮೊನೆಯಷ್ಟು ಆಗುತ್ತದೆ, ಉಸಿರು ನಿಧಾನ ಆಗುತ್ತಾ ನಿಲ್ಲುತ್ತದೆ, ತುಟಿ ನೀಲಿಯಾಗುತ್ತದೆ. ಅದಕ್ಕೆ ನಾಲೊಕ್ಸೋನ್ ಇಂಜೆಕ್ಷನ್ ಇದೆ, ಕೆಲವೇ ನಿಮಿಷದಲ್ಲಿ ಉಸಿರು ವಾಪಸ್ ಬರುತ್ತದೆ. ಎಂಡಿಎಂಎಗೆ ಅಂಥ ಮದ್ದೇ ಇಲ್ಲ. ಡಾಕ್ಟರಿಗೆ ಏನು ತಗೊಂಡಿದ್ದು ಅಂತ ಗೊತ್ತಿಲ್ಲದಿದ್ದರೆ ಲಕ್ಷಣ ನೋಡಿ ಊಹೆ ಮಾಡಬೇಕು. ಎರಡು ಮೂರು ಸೇರಿಸಿ ತಗೊಂಡಿದ್ದರೆ ಲಕ್ಷಣವೂ ಕಲಸಿಹೋಗಿರುತ್ತದೆ.

"ಒಂದು ನುಂಗಿ ಏನೂ ಆಗಲಿಲ್ಲ ಅಂತ ಇನ್ನೊಂದು" ಅಂದಿರಲ್ಲ, ಅದೇ ಅಪಾಯದ ಜಾಗ. ಎಂಡಿಎಂಎ ಅಂತ ಹೇಳಿ ಮಾರುವ ಮಾತ್ರೆಯಲ್ಲಿ ಕೆಲವೊಮ್ಮೆ ಪಿಎಂಎಂಎ ಅನ್ನುವುದು ಇರುತ್ತದೆ. ಅದು ನಿಧಾನ ಏರುತ್ತದೆ. ಏರಲಿಲ್ಲ ಅಂತ ಇನ್ನೊಂದು ತಗೊಂಡರೆ ಎರಡೂ ಒಟ್ಟಿಗೆ ಏರುತ್ತವೆ.

ಸಿದ್ದಾಪುರ_ಮಾಣಿ:
ಮಾಸ್ತರೇ, ನಿಮ್ಮ ಬಗ್ಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ನಮ್ಮ ಕಡೆ ಮಂಗನ ಕಾಯಿಲೆ ಬಂದಾಗ ಆರೋಗ್ಯ ಇಲಾಖೆಯವರು ಏನು ಮಾಡಿದರು? ಕಾಡಿಗೆ ಹೋಗಬೇಡಿ ಅಂದರು. ದರಕು (ಒಣ ಎಲೆ), ಸೊಪ್ಪು ತರದೆ ತೋಟ ನಡೆಯುವುದಿಲ್ಲ, ಜನ ಹೋಗೇ ಹೋಗುತ್ತಾರೆ ಅಂತ ಅವರಿಗೂ ಗೊತ್ತಿತ್ತು. ಅದಕ್ಕೇ ಉಣುಗು (ಉಣ್ಣೆ ಹುಳ) ಹತ್ತದಂತೆ ಹಚ್ಚುವ ಡೆಪಾ ಎಣ್ಣೆ ಹಂಚಿದರು. ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಉಣುಗು ಕಚ್ಚಿದೆಯಾ ನೋಡಿ ಅಂದರು. ಎಣ್ಣೆ ಕೊಟ್ಟರು ಅಂತ ಯಾರೂ "ಕಾಡಿಗೆ ಹೋಗಲು ಸರ್ಕಾರವೇ ಹೇಳಿತು" ಅನ್ನಲಿಲ್ಲ.

ಶಿರಸಿ_ಮಾಸ್ತರು:
ಮಾಣಿ, ಹೋಲಿಕೆ ಚೆನ್ನಾಗಿದೆ, ಆದರೆ ಕೂರುವುದಿಲ್ಲ. ಸೊಪ್ಪು ತರುವುದು ಹೊಟ್ಟೆಪಾಡು. ಬೀಚಿನಲ್ಲಿ ಮಾತ್ರೆ ನುಂಗುವುದು ಹೊಟ್ಟೆಪಾಡಾ? ಮಾಡಲೇಬೇಕಾದ ಕೆಲಸಕ್ಕೆ ರಕ್ಷಣೆ ಕೊಡುವುದು ಬೇರೆ, ಮಾಡಬಾರದ್ದಕ್ಕೆ ಕೊಡುವುದು ಬೇರೆ.

ಹಳಿಯಾಳದ_ರೈತ:
ಹಾಗಾದರೆ ಕುಡಿತದ ಲೆಕ್ಕ ತಗೊಳ್ಳಿ. ಅದೂ ಹೊಟ್ಟೆಪಾಡಲ್ಲ. ಬಾಟಲಿ ಮೇಲೆ 42.8 ಪರ್ಸೆಂಟ್ ಅಂತ ಯಾಕೆ ಬರೆದಿರುತ್ತದೆ? ಒಳಗೆ ಏನಿದೆ, ಎಷ್ಟಿದೆ ಅಂತ ಕುಡಿಯುವವನಿಗೆ ಗೊತ್ತಿರಲಿ ಅಂತ. ಆ ಚೀಟಿ ಇಲ್ಲದ ಕಡೆ ಏನಾಗುತ್ತದೆ ಅಂತ 1981ರಲ್ಲಿ ಬೆಂಗಳೂರಲ್ಲಿ ನೋಡಿದ್ದೇವೆ, ಕಳ್ಳಭಟ್ಟಿ ಕುಡಿದು 300ಕ್ಕಿಂತ ಹೆಚ್ಚು ಜನ ಸತ್ತರು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕಿಂತ ಜಾಸ್ತಿ. ಅವರನ್ನು ಕೊಂದದ್ದು ಮೆಥನಾಲ್ ಅನ್ನುವ ವಿಷದ ಸ್ಪಿರಿಟ್. ಕುಡುಕರು ಅಂತ ಬೈಯಬಹುದು. ಆದರೆ ಅವರು ಮೆಥನಾಲ್ ಬೇಕು ಅಂತ ಕೇಳಿ ತಗೊಂಡಿರಲಿಲ್ಲ ಅಲ್ವಾ?

ಕರಿ_ಇಶಾಡ:
ಈ ಮಾತು ಸರಿ ಇದೆ.

ಮಾಜಾಳಿ_ಗಡಿ:
ನಮ್ಮಲ್ಲಿ ಗೋವಾದಿಂದ ಬರುವ ಸರಕಿನದ್ದೂ ಇದೇ ಕಥೆ. ಚೆಕ್‌ಪೋಸ್ಟ್ ತಪ್ಪಿಸಿ ತಂದ ಕ್ಯಾನಿನಲ್ಲಿ ಫೆನಿ (ಗೇರುಹಣ್ಣಿನ ಮದ್ಯ) ಇದೆಯೋ ಇನ್ನೇನಿದೆಯೋ ದೇವರಿಗೇ ಗೊತ್ತು. ಕಾಜು ಫೆನಿ ಒಳ್ಳೆಯದಾಗಿದ್ದರೆ ವಾಸನೆಯಲ್ಲೇ ತಿಳಿಯುತ್ತದೆ ಅಂತ ನಮ್ಮ ಅಜ್ಜ ಹೇಳುತ್ತಿದ್ದರು.

ವಾರ್ಡಿನ_ಅಕ್ಕ:
ಮಾಜಾಳಿಯವರೇ, ದಯವಿಟ್ಟು ಆ ಮಾತು ನಂಬಬೇಡಿ. ಮೆಥನಾಲ್ ಬೆರೆತದ್ದು ವಾಸನೆ, ರುಚಿ ಯಾವುದರಲ್ಲೂ ಗೊತ್ತಾಗುವುದಿಲ್ಲ. ಮರುದಿನ ಕಣ್ಣು ಮಂಜಾಗುತ್ತದೆ. ಆಗ ಎಷ್ಟೋ ಸಲ ತಡ ಆಗಿರುತ್ತದೆ.

ಹೊನ್ನಾವರ_ಉಟ್ರೆಕ್ಟ್:
ಊರು ಹೊನ್ನಾವರ, ಈಗ ಇರುವುದು ನೆದರ್‌ಲೆಂಡ್ಸ್‌ನಲ್ಲಿ. ಇಲ್ಲಿ ಮಾತ್ರೆ ಪರೀಕ್ಷೆ 1992ರಿಂದ ನಡೆಯುತ್ತಿದೆ. ಡಿಮ್ಸ್ ಅಂತ ಅದರ ಹೆಸರು, ನಡೆಸುವುದು ಟ್ರಿಂಬೋಸ್ ಅನ್ನುವ ಸಂಸ್ಥೆ, ದುಡ್ಡು ಆರೋಗ್ಯ ಇಲಾಖೆಯದ್ದು. ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ, ಯಾಕೆಂದರೆ ಮೇಲೆ ಕೆಲವರು ಹೊಸ ವರ್ಷದ ಪಾರ್ಟಿಯಲ್ಲಿ ಕೌಂಟರ್ ಹಾಕಿ ಪಾಸು ಕೊಟ್ಟ ಹಾಗೆ ಅಂದುಕೊಂಡಂತೆ ಕಾಣುತ್ತದೆ.

ಚಟ ಬಿಡಿಸುವ ಚಿಕಿತ್ಸಾ ಕೇಂದ್ರಗಳಲ್ಲೇ ಈ ಜಾಗ ಇರುತ್ತದೆ. 18 ತುಂಬಿರಬೇಕು. ಹೆಸರು ಕೇಳುವುದಿಲ್ಲ. ಮಾತ್ರೆಯ ಬಣ್ಣ, ಗುರುತು, ಅಳತೆ, ತೂಕ ನೋಡಿ ತಮ್ಮ ಪಟ್ಟಿಯಲ್ಲಿ ಈಗಾಗಲೇ ಇದೆಯಾ ಅಂತ ಹುಡುಕುತ್ತಾರೆ. ಇಲ್ಲದಿದ್ದರೆ ಲ್ಯಾಬಿಗೆ ಕಳಿಸುತ್ತಾರೆ, ಸುಮಾರು ಒಂದು ವಾರಕ್ಕೆ ಫಲಿತಾಂಶ. "ಇದು ಸರಿ ಇದೆ" ಅಂತ ಯಾರೂ ಹೇಳುವುದಿಲ್ಲ ಮಾಸ್ತರೇ. ಏನಿದೆ, ಎಷ್ಟಿದೆ, ಮೈಗೆ ಏನು ಮಾಡುತ್ತದೆ, ಇದನ್ನು ಹೇಳುತ್ತಾರೆ. ಆ ಮಾತುಕತೆಯೇ ಮುಖ್ಯ. ಎಷ್ಟೋ ಹುಡುಗರು ಒಬ್ಬ ಆರೋಗ್ಯ ಕಾರ್ಯಕರ್ತನ ಜತೆ ಈ ವಿಷಯ ಬಾಯಿಬಿಟ್ಟು ಮಾತಾಡುವುದು ಅದೇ ಮೊದಲ ಸಲ. ಇಲ್ಲೂ ಆ ಮಾತ್ರೆ ಮಾರುವುದು ಅಪರಾಧವೇ, ನೆನಪಿರಲಿ.

2014ರ ಡಿಸೆಂಬರ್‌ನಲ್ಲಿ ಗುಲಾಬಿ ಬಣ್ಣದ, ಸೂಪರ್‌ಮ್ಯಾನ್ ಗುರುತಿನ ಮಾತ್ರೆ ಇಲ್ಲಿ ಪರೀಕ್ಷೆಗೆ ಬಂತು. ಒಳಗೆ ಅಕ್ಕ ಹೇಳಿದ ಅದೇ ಪಿಎಂಎಂಎ, ಅದೂ ವಿಪರೀತ ಪ್ರಮಾಣದಲ್ಲಿ. ತಕ್ಷಣ ದೇಶಕ್ಕೆಲ್ಲ ಎಚ್ಚರಿಕೆ ಹೋಯಿತು, ಟಿವಿಯಲ್ಲೂ ಬಂತು. ಇಲ್ಲಿ ಆ ಮಾತ್ರೆಯಿಂದ ಯಾರೂ ಸಾಯಲಿಲ್ಲ. ಅದೇ ಮಾತ್ರೆ ಬ್ರಿಟನ್ನಿಗೂ ಹೋಗಿತ್ತು. ಅಲ್ಲಿ ಆಗ ಇಷ್ಟು ವ್ಯಾಪಕವಾದ ವ್ಯವಸ್ಥೆ ಇರಲಿಲ್ಲ. ಹೊಸ ವರ್ಷದ ಹೊತ್ತಿಗೆ ನಾಲ್ವರು ಸತ್ತರು. ಮಾತ್ರೆ ಒಂದೇ. ಒಂದು ಕಡೆ ಸುದ್ದಿ ಮುಟ್ಟಿತು, ಇನ್ನೊಂದು ಕಡೆ ಮುಟ್ಟಲಿಲ್ಲ.

ಗೋಕರ್ಣದ_ಮನೆ:
ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅದೇ ರಾತ್ರಿ ಅದೇ ಹಳದಿ ಮಾತ್ರೆ ಇನ್ನೆಷ್ಟು ಜನರ ಜೇಬಿನಲ್ಲಿತ್ತೋ. ನಾನು ಯಾರಿಗೂ ಹೇಳಲಿಲ್ಲ. ಯಾರಿಗೆ ಹೇಳಬೇಕು ಅಂತಲೂ ಗೊತ್ತಿರಲಿಲ್ಲ.

ಯಲ್ಲಾಪುರ_ಬಿಡಿಸಿ:
ಆನ್‌ಲೈನಲ್ಲಿ ಬಣ್ಣ ಬದಲಾಗುವ ಕಿಟ್ ಸಿಗುತ್ತದಂತೆ. ಒಂದು ಹನಿ ಹಾಕಿದರೆ ಕಪ್ಪಾದರೆ ಅಸಲಿ. ಅದನ್ನೇ ಇಟ್ಟುಕೊಂಡರೆ ಆಯ್ತಲ್ಲ, ಸರ್ಕಾರ ಯಾಕೆ?

ಹೊನ್ನಾವರ_ಉಟ್ರೆಕ್ಟ್:
ಅಷ್ಟು ಸುಲಭ ಇಲ್ಲ. ಆ ಹನಿ ಎಂಡಿಎಂಎ ಇದ್ದರೆ ನೇರಳೆ ಮಿಶ್ರಿತ ಕಪ್ಪಾಗುತ್ತದೆ, ನಿಜ. ಆದರೆ ಎಷ್ಟಿದೆ ಅಂತ ಹೇಳುವುದಿಲ್ಲ. ಜತೆಗೆ ಇನ್ನೊಂದು ಬೆರೆತಿದ್ದರೆ ಆ ಕಪ್ಪಿನ ಅಡಿಯಲ್ಲಿ ಅದು ಮುಚ್ಚಿಹೋಗುತ್ತದೆ. ಹನಿಯಲ್ಲಿ ಇರುವುದು ಗಂಧಕಾಮ್ಲ ಬೇರೆ, ಕೈ ಸುಡುತ್ತದೆ. ಅದಕ್ಕೇ ನ್ಯೂಜಿಲೆಂಡಿನವರು ಯಂತ್ರ ಇಟ್ಟುಕೊಂಡು ತರಬೇತಿ ಆದವರಿಂದ ಮಾಡಿಸುತ್ತಾರೆ. 2020ರ ಕೊನೆಗೆ ತಾತ್ಕಾಲಿಕ ಕಾನೂನು, 2021ರಲ್ಲಿ ಕಾಯಂ ಕಾನೂನು ತಂದರು. ಅದಕ್ಕೂ ಮುಂಚೆ ಸ್ವಯಂಸೇವಕರು ವರ್ಷಗಟ್ಟಲೆ ಅರ್ಧ ಮುಚ್ಚಿಟ್ಟುಕೊಂಡೇ ಈ ಕೆಲಸ ಮಾಡಿದ್ದರು.

ಅಂಕೋಲಾ_ವಕೀಲ:
ಕಾನೂನಿನ ಪ್ರಶ್ನೆಗೆ ಬರುತ್ತೇನೆ. ನಮ್ಮಲ್ಲಿ ಇರುವುದು ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ. ಇಟ್ಟುಕೊಳ್ಳುವುದೂ ಅಪರಾಧ, ಸೇವಿಸುವುದೂ ಅಪರಾಧ. ಕಲಂ 27ರಲ್ಲಿ ಹೆರಾಯಿನ್, ಕೊಕೇನ್, ಮಾರ್ಫಿನ್ ಸೇವನೆಗೆ 1 ವರ್ಷದವರೆಗೆ ಸಜೆ ಅಥವಾ 20,000 ರೂಪಾಯಿವರೆಗೆ ದಂಡ. ಉಳಿದವಕ್ಕೆ 6 ತಿಂಗಳವರೆಗೆ ಅಥವಾ 10,000. ಎರಡೂ ಒಟ್ಟಿಗೆ ಹಾಕಬಹುದು.

ಈಗ ಯೋಚಿಸಿ. ಒಬ್ಬ ಹುಡುಗ ಮಾತ್ರೆ ಪರೀಕ್ಷೆ ಮಾಡಿಸಲು ತಂದ ಅಂದರೆ ಅವನ ಕೈಯಲ್ಲಿ ಮಾಲು ಇದೆ ಅಂತಾಯಿತು. ಪರೀಕ್ಷೆ ಮಾಡುವವನು ಕೈಗೆ ತಗೊಂಡ ಅಂದರೆ ಅವನ ಹತ್ತಿರವೂ ಮಾಲು. ಇಬ್ಬರೂ ಸಿಕ್ಕಿಬೀಳುತ್ತಾರೆ. ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ, ಆದರೆ ಸರ್ಕಾರ ನಿಯಮ ಮಾಡಿ ಲೈಸೆನ್ಸ್ ಕೊಡಬೇಕು. ಹಾಗಾಗಿ ಯಾರೋ ಒಳ್ಳೆ ಮನಸ್ಸಿನವರು ಸುಮ್ನೆ ಶುರು ಮಾಡುವ ಕೆಲಸ ಅಲ್ಲ.

ಇನ್ನೊಂದು ವಿಚಾರ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಮಾಲಿನ ತೂಕ ಹಾಕುವಾಗ ಕಲಬೆರಕೆಯನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೀರಾ ಸಿಂಗ್ ಪ್ರಕರಣದಲ್ಲಿ ಹೇಳಿತು. ಎಂಡಿಎಂಎ ಅರ್ಧ ಗ್ರಾಂವರೆಗೆ ಸಣ್ಣ ಪ್ರಮಾಣ, 10 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ. ಅಂದರೆ ಶಿಕ್ಷೆಗೆ ಕಲಬೆರಕೆ ಲೆಕ್ಕಕ್ಕೆ ಬರುತ್ತದೆ. ಆ ಕಲಬೆರಕೆ ಏನು ಅಂತ ನುಂಗುವವನಿಗೆ ಹೇಳಲು ಮಾತ್ರ ಯಾರೂ ಇಲ್ಲ.

ನಿಮ್ಮ ಮನೆಯ ಬಗ್ಗೆ: ಕಲಂ 25ರಲ್ಲಿ, ಗೊತ್ತಿದ್ದೂ ತನ್ನ ಜಾಗವನ್ನು ಇಂಥ ಅಪರಾಧಕ್ಕೆ ಬಿಟ್ಟುಕೊಟ್ಟವನಿಗೆ ಶಿಕ್ಷೆ ಇದೆ. "ಗೊತ್ತಿದ್ದೂ" ಅನ್ನುವುದೇ ಇಲ್ಲಿ ತೂಕದ ಮಾತು. ಬಿದ್ದವನನ್ನು ಆಸ್ಪತ್ರೆಗೆ ಸೇರಿಸಿದ್ದು ಅಪರಾಧ ಅಲ್ಲ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಕುಮಟಾ_ಬಸ್‌ಸ್ಟ್ಯಾಂಡ್:
ಗಾಂಜಾ 1 ಕೆಜಿವರೆಗೆ ಇಟ್ಟುಕೊಂಡರೆ ತಪ್ಪಿಲ್ಲ ಅಂತಾರಲ್ಲ, ನಿಜನಾ?

ಅಂಕೋಲಾ_ವಕೀಲ:
ಪೂರ್ತಿ ತಪ್ಪು ಮಾಹಿತಿ. 1 ಕೆಜಿವರೆಗೆ ಸಣ್ಣ ಪ್ರಮಾಣ ಅಷ್ಟೇ. ಅದಕ್ಕೂ 1 ವರ್ಷದವರೆಗೆ ಕಠಿಣ ಸಜೆ ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಈ ಮಾತು ನಂಬಿ ಸಿಕ್ಕಿಬಿದ್ದ ಹುಡುಗರನ್ನು ಕೋರ್ಟಿನಲ್ಲಿ ನೋಡಿದ್ದೇನೆ.

ಕುಮಟಾ_ಬಸ್‌ಸ್ಟ್ಯಾಂಡ್:
ಮತ್ತೆ ಶಿವರಾತ್ರಿಯ ಭಂಗಿ? ಅದೂ ಗಾಂಜಾ ಗಿಡದ ಎಲೆಯದ್ದೇ ಅಲ್ವಾ?

ಅಂಕೋಲಾ_ವಕೀಲ:
ಕಾಯ್ದೆಯಲ್ಲಿ ಗಾಂಜಾ ಅಂದರೆ ಹೂವಿನ ತುದಿ. ತುದಿ ಜತೆಗಿಲ್ಲದ ಬರೀ ಎಲೆ, ಬೀಜ ಆ ವ್ಯಾಖ್ಯೆಯಲ್ಲಿ ಇಲ್ಲ. 2022ರಲ್ಲಿ ನಮ್ಮ ಹೈಕೋರ್ಟ್ ಒಂದು ಜಾಮೀನು ಅರ್ಜಿಯಲ್ಲಿ ಇದನ್ನೇ ಹೇಳಿತ್ತು. ಆದರೆ ಅಬಕಾರಿ ಕಾನೂನು ಬೇರೆ ಇದೆ. ಅದನ್ನು ಹಿಡಿದುಕೊಂಡು ಅಂಗಡಿ ಇಡಲು ಹೋಗಬೇಡಿ.

ಹಡಗಿನ_ತಮ್ಮ_ಕಾರವಾರ:
ಅಣ್ಣ ಹೇಳಿದ ಮೇಲೆ ಯೋಚಿಸಿದೆ. ಕಾಲೇಜಿನಲ್ಲಿ ಮೂತ್ರ ಪರೀಕ್ಷೆ ಅಂದೆನಲ್ಲ, ನನ್ನದೇ ಒಂದು ಅನುಭವ ಹೇಳುತ್ತೇನೆ. ಒಮ್ಮೆ ಹಡಗು ಹತ್ತುವ ಮೊದಲು ಕೆಮ್ಮು ಇತ್ತು, ಕೋಡೀನ್ ಇರುವ ಸಿರಪ್ ಕುಡಿದಿದ್ದೆ. ಟೆಸ್ಟಿನಲ್ಲಿ ಅಫೀಮು ಪಾಸಿಟಿವ್ ಬಂತು. ಡಾಕ್ಟರ್ ಚೀಟಿ ಇತ್ತು, ಎರಡನೇ ಲ್ಯಾಬಿನಲ್ಲಿ ಸರಿಯಾಗಿ ನೋಡಿದ ಮೇಲೆ ಬಿಟ್ಟರು. ಅಷ್ಟರಲ್ಲಿ ಆ ಹಡಗು ಹೋಗಿತ್ತು. ಮೂರು ವಾರ ಮನೆಯಲ್ಲಿ ಯಾರ ಮುಖವನ್ನೂ ನೋಡಲು ಆಗಲಿಲ್ಲ. ಮೊದಲು ಮಾಡುವ ಸ್ಟ್ರಿಪ್ ಪರೀಕ್ಷೆಯನ್ನೇ ನಂಬಿ ಹುಡುಗನನ್ನು ಕಾಲೇಜಿನಿಂದ ತೆಗೆದರೆ ಅವನ ಗತಿ ಏನು?

ಮತ್ತೊಂದು. ಗಾಂಜಾ ದಿನಾ ಸೇದುವವನ ಮೂತ್ರದಲ್ಲಿ ವಾರಗಟ್ಟಲೆ ಸಿಗುತ್ತದೆ. ಪುಡಿ, ಮಾತ್ರೆ ಎರಡು ಮೂರು ದಿನಕ್ಕೆ ಹೋಗುತ್ತವೆ. ಗಾಂಜಾದ ಹೆಸರಲ್ಲಿ ಬರುವ ಕೆಮಿಕಲ್ ಸರಕು ಮಾಮೂಲಿ ಕಿಟ್‌ಗೆ ಸಿಗುವುದೇ ಇಲ್ಲ. ಟೆಸ್ಟಿಗೆ ಹೆದರಿ ಗಾಂಜಾ ಬಿಟ್ಟು ಅದಕ್ಕಿಂತ ಕೆಟ್ಟದ್ದಕ್ಕೆ ಹೋದವರನ್ನು ಕಂಡಿದ್ದೇನೆ.

ಭಟ್ಕಳ_ದುಬೈ:
ಗಸಗಸೆ ತಿಂದರೂ ಪಾಸಿಟಿವ್ ಬರುತ್ತದೆ. ಊರಿಂದ ಯುಎಇಗೆ ಬರುವವರು ಗಸಗಸೆ ತರಲೇಬೇಡಿ, ಇಲ್ಲಿ ನಿಷೇಧ. ಅಮ್ಮ ಪ್ರೀತಿಯಿಂದ ಮಸಾಲೆ ಡಬ್ಬಿಗೆ ಹಾಕಿಕೊಟ್ಟಿರುತ್ತಾರೆ, ಏರ್‌ಪೋರ್ಟಿನಲ್ಲಿ ತೊಂದರೆ ಆಗುತ್ತದೆ.

ಸಿದ್ದಾಪುರ_ಮಾಣಿ:
ಗಸಗಸೆ ಪಾಯಸ ಉಂಡರೂ?

ಹಡಗಿನ_ತಮ್ಮ_ಕಾರವಾರ:
ಹೌದು. ಅದಕ್ಕೇ ಅಮೆರಿಕದಲ್ಲಿ 1998ರಲ್ಲಿ ಮೂತ್ರದಲ್ಲಿ ಇಷ್ಟಿದ್ದರೆ ಪಾಸಿಟಿವ್ ಅನ್ನುವ ಅಫೀಮಿನ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೊಗ್ರಾಂನಿಂದ 2000ಕ್ಕೆ ಏರಿಸಿದರು. ನಮ್ಮ ಮನೆಯಲ್ಲಿ ನಾನು ಹೊರಡುವ ವಾರ ಪಾಯಸ ಅಕ್ಕಿಯದ್ದೇ.

ಕವಳದ_ಸಂಚಿ:
ಎಲ್ಲರೂ ಬೀಚಿನ ಹುಡುಗರನ್ನು ನೋಡುತ್ತೀರಿ. ನಮ್ಮ ಜಗಲಿಯಲ್ಲಿ ದಿನಕ್ಕೆ ಹತ್ತು ಸಲ ಹಾಕುವ ಕವಳದ (ಎಲೆ ಅಡಿಕೆಯ) ಲೆಕ್ಕ ಯಾರು ಕೇಳಬೇಕು? ನಮ್ಮ ದೊಡ್ಡಪ್ಪ ಬಾಯಿ ಕ್ಯಾನ್ಸರಿನಲ್ಲಿ ಹೋದರು. ಅಡಿಕೆಯೇ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ, ತಂಬಾಕು ಇಲ್ಲದಿದ್ದರೂ.

ತೋಟದ_ಹೆಗಡೆ:
ಅಡಿಕೆಯನ್ನು ಇದಕ್ಕೆ ಎಳೆಯಬೇಡಿ. ಗುಟ್ಕಾ ಮತ್ತು ಅಡಿಕೆ ಒಂದೇ ಅಲ್ಲ. ಈ ಮಾತಿನಿಂದಲೇ ಬೆಳೆಗಾರನ ಬದುಕು ಅಲ್ಲಾಡುತ್ತಿದೆ.

ನಿರ್ವಾಹಕರು:
ಅಡಿಕೆಯ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಇಬ್ಬರ ಮಾತೂ ಅಲ್ಲಿ ಪೂರ್ತಿ ಆಗಲಿ.

ಒಬ್ಬ_ತಾಯಿ:
ನಾನು ಇಲ್ಲಿ ಓದುತ್ತೇನೆ, ಬರೆಯುವುದಿಲ್ಲ. ಇವತ್ತು ಬರೆಯುತ್ತೇನೆ.

ನನ್ನ ಮಗ ಈಗ 27 ವರ್ಷದವನು. ಶುರುವಾಗಿದ್ದು ನೋವಿನ ಮಾತ್ರೆಯಿಂದ. ಬೈಕಿನಿಂದ ಬಿದ್ದು ಕಾಲು ಮುರಿದಿತ್ತು. ಕಾಲು ವಾಸಿ ಆದರೂ ಮಾತ್ರೆ ಬಿಡಲಾಗಲಿಲ್ಲ. ಆಮೇಲೆ ಅದನ್ನೇ ಪುಡಿ ಮಾಡಿ ನೀರಲ್ಲಿ ಕಲಸಿ ಚುಚ್ಚಿಕೊಳ್ಳುವ ಮಟ್ಟಕ್ಕೆ ಹೋದ. ಸಿರಿಂಜು ನಾಲ್ವರ ಮಧ್ಯೆ ಒಂದೇ. ನಮಗೆ ಗೊತ್ತಾದಾಗ ಅವನ ತೋಳು ನೋಡಲು ಆಗುತ್ತಿರಲಿಲ್ಲ.

ಮೊದಲು ಒಂದು ಚಟ ಬಿಡಿಸುವ ಕೇಂದ್ರಕ್ಕೆ ಹಾಕಿದೆವು. ಹೆಸರು ಹೇಳುವುದಿಲ್ಲ. ಮೂರು ತಿಂಗಳಿಗೆ ಕೇಳಿದಷ್ಟು ದುಡ್ಡು ಕೊಟ್ಟೆವು. ಅಲ್ಲಿ ಕಟ್ಟಿಹಾಕಿ ಹೊಡೆಯುತ್ತಿದ್ದರು ಅಂತ ಆಮೇಲೆ ತಿಳಿಯಿತು. ಹೊರಗೆ ಬಂದ ಒಂಬತ್ತನೇ ದಿನ ಮೊದಲಿನಷ್ಟೇ ಚುಚ್ಚಿಕೊಂಡ. ಮೈ ತಡೆಯಲಿಲ್ಲ. ಬಚ್ಚಲಲ್ಲಿ ನೀಲಿಯಾಗಿ ಬಿದ್ದಿದ್ದ. ಅಕ್ಕ ಮೇಲೆ ಬರೆದ ಇಂಜೆಕ್ಷನ್ನಿಂದಲೇ ಬದುಕಿದ.

ಆಮೇಲೆ ಒಬ್ಬ ಒಳ್ಳೆ ಡಾಕ್ಟರ್ ದೂರದ ಊರಿನ ಸರ್ಕಾರಿ ಕೇಂದ್ರಕ್ಕೆ ಕಳಿಸಿದರು. ಅಲ್ಲಿ ದಿನಾ ನಾಲಿಗೆ ಅಡಿಗೆ ಬ್ಯುಪ್ರೆನಾರ್ಫಿನ್ ಮಾತ್ರೆ ಇಡುತ್ತಾರೆ, ಕಣ್ಣೆದುರೇ ಕರಗಿಸಬೇಕು. ಅದು ಎಚ್‌ಐವಿ ತಡೆಯುವ ರಾಷ್ಟ್ರೀಯ ಕಾರ್ಯಕ್ರಮದ್ದು, ಉಚಿತ. ನಾವು ಅಲ್ಲೇ ಬಾಡಿಗೆ ಮನೆ ಮಾಡಿ ಏಳು ತಿಂಗಳು ಇದ್ದೆವು. ಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ ಇತ್ತು, ಅದಕ್ಕೂ ಸರ್ಕಾರದ ಉಚಿತ ಮಾತ್ರೆ ಸಿಕ್ಕಿತು, ವಾಸಿಯಾಯಿತು. ಎಚ್‌ಐವಿ ಬಂದಿಲ್ಲ. ಈಗ ಕೆಲಸಕ್ಕೆ ಹೋಗುತ್ತಾನೆ.

ನಮ್ಮ ಸಂಬಂಧಿಕರು "ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸಿದಿರಿ" ಅಂದರು. ಮಾಸ್ತರೇ, ನಿಮ್ಮ ಮಾತಿನಲ್ಲೂ ನನಗೆ ಅದೇ ಕೇಳಿಸಿತು. ತಪ್ಪು ತಿಳಿಯಬೇಡಿ. ನನ್ನ ಮಗ ಬೆಳಿಗ್ಗೆ ಎದ್ದು ಚಹಾ ಕೇಳುತ್ತಾನೆ. ನನಗೆ ಅದು ಸಾಕು.

ವಾರ್ಡಿನ_ಅಕ್ಕ:
ಅಮ್ಮ, ನೀವು ಬರೆದದ್ದಕ್ಕೆ ನಮಸ್ಕಾರ. ಬಿಟ್ಟು ಕೆಲವು ದಿನ ಆದ ಮೇಲೆ ಹಳೆಯ ಪ್ರಮಾಣವನ್ನೇ ತಗೊಳ್ಳುವುದರಿಂದಲೇ ಬಹಳ ಜನ ಸಾಯುತ್ತಾರೆ. ಜೈಲಿನಿಂದ ಬಂದವರೂ ಹಾಗೇ. ಅದನ್ನು ಮನೆಯವರಿಗೆ ಯಾರೂ ಹೇಳಿ ಕಳಿಸುವುದಿಲ್ಲ.

ಹಾರ್ಮ್ ರಿಡಕ್ಷನ್ ಅಂದರೆ ಇದೇ. ಹಾನಿ ತಗ್ಗಿಸುವುದು. ಹೊಸ ಸಿರಿಂಜು ಕೊಡುವುದು, ನಾಲಿಗೆ ಅಡಿಗೆ ಮಾತ್ರೆ ಇಡುವುದು, ಇವೆರಡೂ ನಮ್ಮ ದೇಶದಲ್ಲಿ ಸರ್ಕಾರವೇ ಮಾಡುತ್ತಿದೆ. ಅಂದರೆ ತತ್ವವನ್ನು ನಾವು ಒಪ್ಪಿಯಾಗಿದೆ. 2019ರಲ್ಲಿ ದೆಹಲಿಯ ಏಮ್ಸ್ ಮಾಡಿದ ಸಮೀಕ್ಷೆಯ ವರದಿ ಬಂತು. ದೇಶದಲ್ಲಿ 8.5 ಲಕ್ಷ ಜನ ಚುಚ್ಚಿಕೊಳ್ಳುವವರು ಅಂತ ಅದರಲ್ಲಿದೆ. ಕುಡಿತಕ್ಕೆ ಚಿಕಿತ್ಸೆ ಬೇಕಾದವರು 5.7 ಕೋಟಿ. ಚುಚ್ಚಿಕೊಳ್ಳುವವನಿಗೆ ಸಿಕ್ಕ ದಯೆ ಮಾತ್ರೆ ನುಂಗುವ ಹುಡುಗನಿಗೆ ಯಾಕೆ ಸಿಗಬಾರದು ಅನ್ನುವುದಷ್ಟೇ ನನ್ನ ಪ್ರಶ್ನೆ.

ಶಿರಸಿ_ಮಾಸ್ತರು:
ತಾಯಿ, ನಿಮ್ಮ ಮಗನಿಗೆ ಸಿಕ್ಕ ಚಿಕಿತ್ಸೆಯನ್ನು ನಾನು ಒಂದು ಕ್ಷಣಕ್ಕೂ ಬೇಡ ಅನ್ನುವುದಿಲ್ಲ. ಅದು ಕಾಯಿಲೆ, ಅದಕ್ಕೆ ಮದ್ದು ಬೇಕು. ನನ್ನ ಮಾತು ನಿಮಗೆ ನೋವು ಕೊಟ್ಟಿದ್ದರೆ ಕ್ಷಮಿಸಿ.

ಆದರೆ ಇನ್ನೂ ಚಟ ಇಲ್ಲದ, ಒಂದು ರಾತ್ರಿಯ ಮಜಾಕ್ಕೆ ಬಂದ ಹುಡುಗನ ವಿಷಯದಲ್ಲಿ ನನ್ನ ಹೆದರಿಕೆ ಹಾಗೇ ಇದೆ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ 2021ರಲ್ಲಿ ಸ್ವಂತಕ್ಕೆ ಇಟ್ಟುಕೊಳ್ಳುವುದು ಅಪರಾಧ ಅಲ್ಲ ಅಂತ ಮಾಡಿದರು. 2024ರಲ್ಲಿ ವಾಪಸ್ ಅಪರಾಧ ಮಾಡಿದರು. ಜನರೇ ಬೇಸತ್ತಿದ್ದರು. ಅದನ್ನೂ ನೋಡಬೇಕಲ್ಲ?

ಅಂಕೋಲಾ_ವಕೀಲ:
ನೋಡಬೇಕು, ಖಂಡಿತ. ಆದರೆ ಆರೆಗಾನ್ ಶಿಕ್ಷೆಯನ್ನು ಮೊದಲು ತೆಗೆಯಿತು, ಚಿಕಿತ್ಸೆಯ ವ್ಯವಸ್ಥೆ ಆಮೇಲೆ ಕುಂಟುತ್ತಾ ಬಂತು. ಪೋರ್ಚುಗಲ್ 2001ರಲ್ಲಿ ಹತ್ತು ದಿನಕ್ಕೆ ಬೇಕಾಗುವಷ್ಟು ಇಟ್ಟುಕೊಂಡವನನ್ನು ಜೈಲಿನ ಬದಲು ಒಂದು ಸಮಿತಿ ಮುಂದೆ ಕಳಿಸುವ ಪದ್ಧತಿ ತಂತು. ಕಾನೂನು, ಆರೋಗ್ಯ, ಸಮಾಜ ಸೇವೆ ಬಲ್ಲವರು ಅದರಲ್ಲಿ ಕೂರುತ್ತಾರೆ. ಜತೆಜತೆಗೆ ಚಿಕಿತ್ಸೆಯನ್ನೂ ಹೆಚ್ಚಿಸಿತು. ಅಲ್ಲೂ ಅದು ನಿಷಿದ್ಧವೇ, ಸಲೀಸು ಮಾಡಿಲ್ಲ.

ನಮ್ಮ ಕಾಯ್ದೆಯಲ್ಲೂ ಒಂದು ಕಿಟಕಿ ಇದೆ. ಕಲಂ 64ಎ. ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆಗೆ ಬಂದು ಪೂರ್ತಿ ಮಾಡಿದರೆ, ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಆದರೆ ಅದು ಚಟಕ್ಕೆ ಬಿದ್ದವನಿಗೆ. ಗೋಕರ್ಣದ ಆ ಹುಡುಗ ಚಟದವನಲ್ಲ. ಅವನ ಗೆಳೆಯರೂ ಅಲ್ಲ. ಅವರಿಗೆ ಆ ಕಿಟಕಿ ಮುಚ್ಚಿದೆ. ಅದಕ್ಕೇ "ಬಿಯರ್ ಅಷ್ಟೇ".

ನಿವೃತ್ತ_ಹೆಡ್ಡು:
ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಿ ಆದವನು. ನನ್ನ ಅಭಿಪ್ರಾಯ ಕೆಲವರಿಗೆ ಆಶ್ಚರ್ಯ ಆಗಬಹುದು.

ನಾವು ಹಿಡಿದ ಸರಕು ಲ್ಯಾಬಿಗೆ ಹೋಗುತ್ತದೆ. ವರದಿ ಬಂದಾಗ ಅದು ಕೋರ್ಟಿಗೆ. ಅದರಲ್ಲಿ ವಿಷದಂಥದ್ದು ಏನಾದರೂ ಬೆರೆತಿದ್ದರೆ ಆಸ್ಪತ್ರೆಗೆ ತಿಳಿಸುವ ಪದ್ಧತಿ ನನ್ನ ಸರ್ವಿಸಿನಲ್ಲಿ ನೋಡಲಿಲ್ಲ. ಹೊಸ ಕೇಂದ್ರ, ಹೊಸ ಕಾನೂನು ಎಲ್ಲ ಆಮೇಲೆ ಬರಲಿ. ಕೈಯಲ್ಲಿ ಇರುವ ಲ್ಯಾಬಿನ ಮಾಹಿತಿಯನ್ನು ಜಿಲ್ಲೆಯ ಆಸ್ಪತ್ರೆಗಳಿಗೆ, ಬೀಚಿನ ಲೈಫ್‌ಗಾರ್ಡ್‌ಗಳಿಗೆ ಬೇಗ ಮುಟ್ಟಿಸಿದರೆ ಅದೇ ಅರ್ಧ ಕೆಲಸ. ಇದಕ್ಕೆ ಯಾರ ಮನಸ್ಸೂ ಒಡೆಯಬೇಕಾಗಿಲ್ಲ.

ಇನ್ನೊಂದು ಮಾತು. ಹೆದ್ದಾರಿಯಲ್ಲಿ ಆಕ್ಸಿಡೆಂಟ್ ಆದರೆ ಮೊದಲೆಲ್ಲ ಜನ ನೋಡುತ್ತಾ ನಿಲ್ಲುತ್ತಿದ್ದರು. ಎತ್ತಿಕೊಂಡು ಹೋದರೆ ತಮ್ಮನ್ನೇ ಸ್ಟೇಷನ್ನಿಗೆ ಅಲೆಸುತ್ತಾರೆ ಅನ್ನುವ ಹೆದರಿಕೆ. 2016ರಲ್ಲಿ ಸುಪ್ರೀಂ ಕೋರ್ಟ್ ಮಾರ್ಗಸೂಚಿಗೆ ಮಾನ್ಯತೆ ಕೊಟ್ಟಿತು, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೇರಿತು. ಸಹಾಯ ಮಾಡಿದವನಿಗೆ ತೊಂದರೆ ಕೊಡುವಂತಿಲ್ಲ. ಈಗ ಜನ ಮುಂದೆ ಬರುತ್ತಾರೆ. ಅಂಥದ್ದೇ ಒಂದು ಸಾಲು ಇದಕ್ಕೂ ಬೇಕು. ಗೆಳೆಯನನ್ನು ಆಸ್ಪತ್ರೆಗೆ ತಂದು ನಿಜ ಹೇಳಿದವನ ಮೇಲೆ ಸೇವನೆಯ ಕೇಸ್ ಹಾಕಬಾರದು. ಮಾರುವವನನ್ನು ಬಿಡುವ ಪ್ರಶ್ನೆಯೇ ಇಲ್ಲ.

ಶಿರಸಿ_ಮಾಸ್ತರು:
ಇದಕ್ಕೆ ನನ್ನ ಸಹಿ ಇದೆ. ಮಾತ್ರೆ ಪರೀಕ್ಷೆಯ ಬಗ್ಗೆ ನನ್ನ ವಿರೋಧ ಹಾಗೇ ಇಟ್ಟುಕೊಂಡು ಹೇಳುತ್ತೇನೆ, ನಿಜ ಹೇಳಿದ ಮಗುವಿಗೆ ಶಿಕ್ಷೆ ಆಗಬಾರದು. ನಾನು ಶಾಲೆಯಲ್ಲೂ ಹಾಗೆ ಮಾಡಿದವನಲ್ಲ.

ಕರಿ_ಇಶಾಡ:
ಹೆಡ್ಡು ಸಾಹೇಬ್ರೆ, ಮಾರುವವನ ಬಗ್ಗೆ ಹೇಳಿದ್ದಕ್ಕೆ ಧನ್ಯವಾದ.

ಮುರುಡೇಶ್ವರ_ಅಲೆ:
ಎಲ್ಲ ಸರಿ. ಆದರೆ ನಮ್ಮ ಜಿಲ್ಲೆಯವರಿಗೆ ದೊಡ್ಡ ಐಸಿಯು ಬೇಕು ಅಂದರೆ ಮಣಿಪಾಲವೋ, ಗೋವಾವೋ, ಹುಬ್ಬಳ್ಳಿಯೋ. ದೊಡ್ಡ ಆಸ್ಪತ್ರೆ ಕೊಡಿ ಅಂತ ಎಷ್ಟು ವರ್ಷ ಕೂಗಿದ್ದೇವೆ. ಹಾಫ್ ಮೂನ್ ಬೀಚಿನಲ್ಲಿ ಬಿದ್ದವನನ್ನು ಬೋಟಿನಲ್ಲೋ ಹೆಗಲ ಮೇಲೋ ತರಬೇಕು, ಅಲ್ಲಿಗೆ ರಸ್ತೆ ಇಲ್ಲ. ಮಾತ್ರೆ ಏನು ಅಂತ ಗೊತ್ತಾದರೂ ದಾರಿಯಲ್ಲೇ ಹೋದರೆ?

ವಾರ್ಡಿನ_ಅಕ್ಕ:
ಅದಕ್ಕೇ ದಾರಿಯಲ್ಲಿ ಏನು ಮಾಡಬೇಕು ಅಂತ ಎಲ್ಲರಿಗೂ ಗೊತ್ತಿರಬೇಕು.

ಗೋಕರ್ಣದ_ಮನೆ:
ಎಲ್ಲರಿಗೂ ಧನ್ಯವಾದ. ದೇಶದ ನೀತಿ ಬದಲಾಗುವವರೆಗೆ ನಾನು ಕಾಯಲಾರೆ, ಅಕ್ಟೋಬರ್‌ನಿಂದ ಮತ್ತೆ ಸೀಸನ್. ಪ್ರತಿ ಕೋಣೆಯ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸುತ್ತೇನೆ. ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ. ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ:

"ಈ ಮನೆಯಲ್ಲಿ ಮಾದಕ ವಸ್ತು ತರಬಾರದು. ಆದರೆ ಯಾರಾದರೂ ಬಿದ್ದರೆ, ಮೈ ಸುಟ್ಟರೆ, ಉಸಿರು ನಿಧಾನವಾದರೆ, ಎಷ್ಟು ಹೊತ್ತಾಗಿದ್ದರೂ ನಮ್ಮ ಬಾಗಿಲು ಬಡಿಯಿರಿ. 108ಕ್ಕೆ ಫೋನ್ ಮಾಡಿ. ಏನು ತಗೊಂಡಿದ್ದು ಅಂತ ಡಾಕ್ಟರಿಗೆ ನಿಜ ಹೇಳಿ. ಉಳಿದ ಮಾತ್ರೆ, ಅದರ ಪೊಟ್ಟಣ ಇದ್ದರೆ ಡಾಕ್ಟರಿಗೆ ತೋರಿಸಿ. ಚಟ ಬಿಡಿಸಲು ಸಹಾಯವಾಣಿ 14416."

ಅಂಕೋಲಾ_ವಕೀಲ:
"ಉಳಿದ ಮಾತ್ರೆ ತೋರಿಸಿ" ಅನ್ನುವುದನ್ನು ಈಗಿನ ಕಾನೂನಿನಲ್ಲಿ ಬರೆಯಬೇಡಿ. ಅದನ್ನು ಹಿಡಿದುಕೊಂಡು ಹೋಗುವವನಿಗೆ ತೊಂದರೆ ಆಗಬಹುದು. "ಬಣ್ಣ, ಗುರುತು, ಎಷ್ಟು ಗಂಟೆಗೆ, ಎಷ್ಟು ತಗೊಂಡಿದ್ದು ಅಂತ ಹೇಳಿ" ಅಂತ ಹಾಕಿ.

ಹಡಗಿನ_ತಮ್ಮ_ಕಾರವಾರ:
ನಂಬರ್ ಅದಲುಬದಲಾಗಿದೆ ಅಣ್ಣ. 14416 ಟೆಲಿಮನಸ್, ಮನಸ್ಸಿನ ಆರೋಗ್ಯದ್ದು. ಚಟ ಬಿಡಿಸುವುದಕ್ಕೆ 14446. ಎರಡನ್ನೂ ಹಾಕಿ.

ಗೋಕರ್ಣದ_ಮನೆ:
ತಿದ್ದಿದೆ. ಅಕ್ಕ, ನೀವೂ ಒಮ್ಮೆ ನೋಡಿ.

ವಾರ್ಡಿನ_ಅಕ್ಕ:
ಮೂರು ಸಾಲು ಸೇರಿಸಿ. ಎಚ್ಚರ ಇಲ್ಲದವರನ್ನು ಅಂಗಾತ ಬಿಡಬೇಡಿ, ವಾಂತಿ ಆದರೆ ಉಸಿರುಗಟ್ಟುತ್ತದೆ, ಒಂದು ಮಗ್ಗುಲಿಗೆ ಮಲಗಿಸಿ. ಮೈ ಸುಡುತ್ತಿದ್ದರೆ ಬಟ್ಟೆ ಸಡಿಲ ಮಾಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಹಾಕಿ. ಒಬ್ಬರನ್ನೇ ಬಿಟ್ಟು ಹೋಗಬೇಡಿ.

ಮತ್ತೆ ನಿಮ್ಮ ಮನೆಯವರಿಗೂ ಹೇಳಿ ಅಣ್ಣ. ಎಚ್ಚರ ಇಲ್ಲದವರ ಬಾಯಿಗೆ ನಿಂಬೆಹಣ್ಣಿನ ನೀರು, ಮಜ್ಜಿಗೆ, ಏನನ್ನೂ ಹಾಕಬಾರದು. ಅವತ್ತು ಒಳಗೆ ಇಳಿಯದೆ ಇದ್ದದ್ದೇ ಒಳ್ಳೆಯದಾಯಿತು.

ಗೋಕರ್ಣದ_ಮನೆ:
ಪಕ್ಕದಲ್ಲೇ ಕೂತು ಓದಿದಳು. ಹಾಳೆಯನ್ನು ತಾನೇ ಅಡುಗೆಮನೆಯಲ್ಲೂ ಒಂದು ಅಂಟಿಸುತ್ತೇನೆ ಅಂದಳು. ಬೇಕಾದವರು ಹೇಳಿ, ಓಂ ಬೀಚ್, ಕುಡ್ಲೆ ಕಡೆಯ ಅಂಗಡಿಗಳಿಗೂ ಪ್ರಿಂಟ್ ಹಾಕಿಸಿ ಕೊಡುತ್ತೇನೆ.

ಮುರುಡೇಶ್ವರ_ಅಲೆ:
ನನಗೆ 20 ಹಾಳೆ ಬೇಕು.